ಸಬ್‌ವೇ ಗೋಡೆಗೆ ಚಿತ್ತಾರ ಬರೆದದ್ದು

ನಾನು ಬೋರ್ಡ್ ಬರೆಯುವವನು. ಮೂವತ್ತು ವರ್ಷದಿಂದ ಮುಂಬಯಿಯಲ್ಲಿ ಹೋಟೆಲ್ ಬೋರ್ಡು, ಗಣಪತಿ ಮಂಟಪದ ಪರದೆ ಬರೆದೇ ಬದುಕು. ಮುಲುಂಡ್ ಕಡೆಯ ನಮ್ಮ ಸಬ್‌ವೇಗೆ ಚಿತ್ರ ಬರೆಯೋಣ ಅಂತ ಸೊಸೈಟಿಯ ಹುಡುಗರು ಕೇಳಿದಾಗ, 'ಅದೇನು ಮಹಾ, ನಾಲ್ಕು ಭಾನುವಾರದ ಕೆಲಸ' ಅಂದುಬಿಟ್ಟೆ. ಹಿಡಿದದ್ದು ಎರಡು ವರ್ಷ.

ಮೊದಲ ಸಲ ಮೇ ತಿಂಗಳಲ್ಲಿ ಹಚ್ಚಿದೆವು. ಗೋಡೆ ಒಣಗಿದಂತೆಯೇ ಕಂಡಿತ್ತು. ಜುಲೈಗೆ ನೋಡಿದರೆ ಬಣ್ಣವೆಲ್ಲ ಹಪ್ಪಳದ ಹಾಗೆ ಉಬ್ಬಿದೆ, ಬೆರಳು ತಾಗಿದರೆ ಉದುರುತ್ತದೆ. ಅಡಿಯಲ್ಲಿ ಬಿಳಿ ಉಪ್ಪು. ನೆಲದೊಳಗಿನ ಗೋಡೆಗೆ ಹಿಂಬದಿಯ ಮಣ್ಣಿನಿಂದ ತೇವ ಬರುತ್ತದೆ, ಬರುವಾಗ ಗಾರೆಯ ಉಪ್ಪನ್ನೂ ಹೊತ್ತು ತರುತ್ತದೆ. ನನಗೆ ತಗಡು ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಆಮೇಲೆ ಒಬ್ಬ ಮೇಸ್ತ್ರಿ ಹೇಳಿಕೊಟ್ಟ. ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಬೇಕು. ಮರುದಿನ ಅದರ ಒಳಮೈಯಲ್ಲಿ ಹನಿ ಕಂಡರೆ ಬ್ರಷ್ ಮುಟ್ಟಬಾರದು. ಉಪ್ಪನ್ನು ನೀರು ಹಾಕಿ ತೊಳೆಯಲೂಬಾರದು, ಅದು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಣ ತಂತಿ ಬ್ರಷ್‌ನಲ್ಲಿ ಉಜ್ಜಬೇಕು. ಮೇಲಿನ ಗಟಾರ ಸೋರುತ್ತಿತ್ತು, ಅದನ್ನು ಸರಿಮಾಡಿಸಲು ಅರ್ಜಿ ಹಿಡಿದು ಓಡಾಡಿದ ಕಥೆ ಬೇಡ ಬಿಡಿ. ಎರಡನೇ ಸಲ ಶುರು ಮಾಡಿದ್ದು ಡಿಸೆಂಬರ್‌ನಲ್ಲಿ. ಪ್ರೈಮರ್ ಮೇಲೆ ಹೊರಗೋಡೆಯ ಎಮಲ್ಷನ್, ಎರಡು ಕೋಟು. ಆಯಿಲ್ ಪೇಂಟ್ ಬೇಡವೇ ಬೇಡ. ಗಾಳಿಯಾಡದ ಜಾಗದಲ್ಲಿ ಥಿನ್ನರ್ ವಾಸನೆಗೆ ತಲೆ ಸುತ್ತುತ್ತದೆ, ತೇವವೂ ಒಳಗೇ ಸಿಕ್ಕಿಬೀಳುತ್ತದೆ.

ಗುಟ್ಕಾ ಉಗುಳುವವರಿಗಾಗಿ ದೇವರ ಟೈಲ್ಸ್ ಹಾಕಿ ಅಂದರು. ನನಗೆ ಮನಸ್ಸಾಗಲಿಲ್ಲ. ಕೆಳಗಿನ ಮೂರು ಅಡಿಗೆ ಕೆಮ್ಮಣ್ಣಿನ ಬಣ್ಣ ಬಳಿದೆವು. ಕಲೆ ಬಿದ್ದರೂ ಜಾಸ್ತಿ ಕಾಣುವುದಿಲ್ಲ, ಮತ್ತೊಂದು ಕೈ ಹೊಡೆದರೆ ಆಯ್ತು. ಸೀಲಿಂಗಿಗೆ ಬರೀ ಬಿಳಿ. ಅದೇ ಟ್ಯೂಬ್‌ಲೈಟು, ಆದರೆ ಬೆಳಕು ಎಷ್ಟೋ ಹೆಚ್ಚಾದಂತೆ ಕಂಡಿತು.

ಇನ್ನು ಚಿತ್ರ. ನಮ್ಮತ್ತೆ ಸಾಗರದ ಕಡೆಯ ದೀವರ ಮನೆಯವರು, ಹಸೆ ಗೋಡೆಯ ಚಿತ್ತಾರ ಬರೆದ ಕೈ. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಬ್ರಷ್. ಇಲ್ಲಿಯ ವಾರ್ಲಿ ಆದಿವಾಸಿಗಳ ಚಿತ್ರವೂ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟೇ ಅಲ್ವಾ! ಒಂದು ಗೋಡೆಗೆ ಅದು, ಎದುರಿಗೆ ಇದು ಅಂತ ತೀರ್ಮಾನವಾಯಿತು. ನಾನು ದಾರಕ್ಕೆ ನೀಲಿ ಪುಡಿ ಸವರಿ ಮಿಡಿದು ಗೆರೆ ಹಾಕಿಕೊಟ್ಟೆ. ಅತ್ತೆ ಸ್ಟೂಲ್ ಮೇಲೆ ಕೂತು, 'ಎಳೆ ನಡುಗಬಾರದು ಮಾರಾಯ, ಉಸಿರು ಬಿಡ್ತಾ ಎಳಿ' ಅಂತ ಹುಡುಗರಿಗೆ ಹೇಳುತ್ತಿದ್ದರು.

ವಾರ್ಲಿ ಬರೆದವನು ನಾನು. ನಡುವೆ ತರ್ಪಾ ಅನ್ನುವ ವಾದ್ಯ ಊದುವವನು, ಸುತ್ತ ಸುರುಳಿಯಾಗಿ ಕುಣಿಯುವವರು. ಮುಗಿದ ಮಾರನೇ ದಿನ ಪಾಲ್ಘರ್ ಕಡೆಯಿಂದ ಸೊಪ್ಪು ತರುವ ಮಾವಶಿ ಬುಟ್ಟಿ ಇಳಿಸಿ ನಿಂತರು. ನೋಡಿದರು, ನಕ್ಕರು. ತರ್ಪಾಗೆ ಯಾರೂ ಬೆನ್ನು ಹಾಕುವುದಿಲ್ಲವಂತೆ. ನಾನು ಬರೆದ ಹೆಂಗಸರ ತುರುಬೆಲ್ಲ ತರ್ಪಾದ ಕಡೆಗೇ ಇತ್ತು. ಆ ರಾತ್ರಿ ಹನ್ನೊಂದು ತುರುಬು ಅಳಿಸಿ ಆಚೆ ಕಡೆಗೆ ಬರೆದೆ.