ಲ್ಯಾಪ್‌ಟಾಪ್ ಈಗಲೇ ತರೋದಾ, ಕಾಯೋದಾ?

ಕೊಯ್ಲು ಮುಗಿದು ಕಾಫಿ ದುಡ್ಡು ಕೈಗೆ ಬಂದ ಮೇಲೆ ನಮ್ಮ ಕಡೆ ಈ ಪ್ರಶ್ನೆ ಏಳುತ್ತದೆ. ಗೋಣಿಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯವರು ‘ಎಐ ಲ್ಯಾಪ್‌ಟಾಪ್ ಬರ್ತದಂತೆ’ ಎಂದು ಎರಡು ವರ್ಷ ಕಾದರು. ಅಷ್ಟರಲ್ಲಿ ಮಗಳ ಡಿಗ್ರಿಯೇ ಮುಗಿಯಿತು. ಪ್ರಾಜೆಕ್ಟ್ ರಿಪೋರ್ಟನ್ನು ಅವಳು ಮೊಬೈಲಿನಲ್ಲೇ ಟೈಪ್ ಮಾಡಿದಳು.

1. ಹಳೆಯದಕ್ಕೆ ಏನಾಗಿದೆ ನೋಡಿ

ಎಲ್ಲರೂ ಎಡವುವುದು ಇಲ್ಲೇ. ‘ಸ್ಲೋ ಆಗಿದೆ’ ಅಂದ ಕೂಡಲೇ ಅಂಗಡಿಗೆ ಓಡಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ತೆರೆಯಿರಿ. ಆನ್ ಮಾಡಿದ ತಕ್ಷಣ ನೋಡಿದರೆ ಎಲ್ಲವೂ ಜಾಸ್ತಿಯೇ ಕಾಣುತ್ತದೆ. ಹತ್ತು ನಿಮಿಷ ಬಿಟ್ಟು, ದಿನಾ ಬಳಸುವ ಬ್ರೌಸರ್, ಎಕ್ಸೆಲ್ ಎಲ್ಲ ತೆರೆದಿಟ್ಟು ನೋಡಿ.

ಡಿಸ್ಕ್ ಪಕ್ಕ ಎಚ್‌ಡಿಡಿ ಅಂತಿದ್ದು, ಅದು ಸದಾ 100%ರ ಹತ್ತಿರ ನಿಂತಿದೆಯೇ? ನಿಧಾನಕ್ಕೆ ಕಾರಣ ಬಹುಶಃ ಹಾರ್ಡ್ ಡಿಸ್ಕ್. ಅದನ್ನು ತೆಗೆಸಿ, ಅದಕ್ಕಿಂತ ಬಹಳ ವೇಗದ ಸ್ಟೋರೇಜ್ ಆದ ಎಸ್‌ಎಸ್‌ಡಿ ಹಾಕಿಸಿ. ಹೊಸ ಲ್ಯಾಪ್‌ಟಾಪಿಗೆ ಕೊಡುವ ದುಡ್ಡಿನಲ್ಲಿ ಸಣ್ಣ ಪಾಲು ಸಾಕು. ಫೋಟೋ, ತೋಟದ ಲೆಕ್ಕವನ್ನೆಲ್ಲ ಮೊದಲೇ ಕಾಪಿ ಮಾಡಿಕೊಳ್ಳಿ. ‘ಡೇಟಾ ಎಲ್ಲಿಗೂ ಹೋಗಲ್ಲ ಸರ್’ ಎಂಬ ಮಾತು ನಂಬಿ ನಾನೇ ಒಂದು ವರ್ಷದ ಲೆಕ್ಕ ಕಳೆದುಕೊಂಡಿದ್ದೇನೆ.

ಮೆಮೊರಿ 90% ದಾಟಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಸ್ಲಾಟ್ ಇದ್ದರೆ ಹಾಕಿಸಬಹುದು. ತೆಳ್ಳಗಿನ ಮಾಡೆಲ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ದಾರಿಯಿಲ್ಲ. ಇವೆರಡೂ ಸರಿಯಿದ್ದು, ಬರೀ ಬ್ರೌಸರ್ ತೆರೆದರೂ ಸಿಪಿಯು 100%ಕ್ಕೆ ಏರಿದರೆ ಫ್ಯಾನಿನ ಧೂಳು ತೆಗೆಸಿ ನೋಡಿ. ಆಮೇಲೂ ಹಾಗೇ ಇದ್ದರೆ ಹೊಸದು ತನ್ನಿ. ವೇಗ ಹೆಚ್ಚಿಸುತ್ತೇವೆ ಎನ್ನುವ ‘ಬೂಸ್ಟರ್’, ‘ಕ್ಲೀನರ್’ ಸಾಫ್ಟ್‌ವೇರ್‌ಗಳನ್ನು ಮಾತ್ರ ಹತ್ತಿರ ಸೇರಿಸಬೇಡಿ.

2. ವಿಂಡೋಸ್ ಯಾವುದು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅಂದರೆ ಮಾಮೂಲಿ ಸುರಕ್ಷತಾ ಅಪ್‌ಡೇಟ್ ನಿಂತಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಯಂತ್ರದೊಳಗಿನ ಭದ್ರತಾ ವ್ಯವಸ್ಥೆ) ಬೇಕು. ಪ್ರೊಸೆಸರ್ (ಸಿಪಿಯು) ಇಂಟೆಲ್‌ನದಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಮುಂದಿನದು ಬೇಕು. ಮೈಕ್ರೋಸಾಫ್ಟಿನದೇ ‘ಪಿಸಿ ಹೆಲ್ತ್ ಚೆಕ್’ ಆ್ಯಪ್ ಹಾಕಿದರೆ ಉತ್ತರ ಸಿಗುತ್ತದೆ. ಆಗದ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಬೇಡ. ಅಂಥದಕ್ಕೆ ಅಪ್‌ಡೇಟ್ ಬರುವ ಖಾತ್ರಿಯಿಲ್ಲ.

3. ಕಾಯುವುದಾದರೆ ಯಾವುದಕ್ಕೆ?

ಬರುವ ಮಾಡೆಲ್‌ನ ಹೆಸರು, ತಾರೀಕು, ಅದರಿಂದ ನಿಮಗಾಗುವ ಕೆಲಸ, ಮೂರನ್ನೂ ಹೇಳಬಲ್ಲಿರಾದರೆ ಕಾಯಿರಿ. ಸುಮ್ನೆ ‘ಇನ್ನೂ ಒಳ್ಳೇದು ಬರ್ತದೆ’ ಅಂತಾದರೆ ಬೇಡ. ಪಕ್ಕದ ಮನೆಯವರು ಕಾಯುತ್ತಿದ್ದ, ಮೈಕ್ರೋಸಾಫ್ಟ್ ‘ಕೋಪೈಲಟ್ ಪ್ಲಸ್’ ಎಂದು ಹೆಸರಿಟ್ಟ ಎಐ ಲ್ಯಾಪ್‌ಟಾಪ್‌ಗಳು 2024ರ ಜೂನ್‌ನಲ್ಲೇ ಮಾರುಕಟ್ಟೆಗೆ ಬಂದಿವೆ. ಕೂಲಿ ಲೆಕ್ಕ ಬರೆಯಲು, ಕಾಫಿ ದರ ನೋಡಲು ಅವು ಬೇಕಿಲ್ಲ. ಕಾದರೆ ಅಗ್ಗವಾಗುತ್ತದೆ ಎಂಬ ನಂಬಿಕೆಯೂ ಸದಾ ನಿಜವಲ್ಲ. ಎಐ ಡೇಟಾ ಸೆಂಟರ್‌ಗಳಿಂದ ಬೇಡಿಕೆ ಹೆಚ್ಚಿ 2025ರ ಕೊನೆಗೆ ಮೆಮೊರಿ ಚಿಪ್ ಬೆಲೆ ಜೋರಾಗಿ ಏರಿತು.

4. ಅಂಗಡಿಯಲ್ಲಿ

‘ಐ5 ಇದೆ’ ಎಂದರೆ ಸಾಲದು, ಪ್ರೊಸೆಸರ್‌ನ ಪೂರ್ತಿ ನಂಬರ್ ಕೇಳಿ. ಐ5-7200ಯು 2016ರದ್ದು, ಐ5-1335ಯು 13ನೇ ತಲೆಮಾರಿನದು. ಎರಡೂ ಐ5 ಅಲ್ವಾ! 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿಗಿಂತ ಕಡಿಮೆ ನಾನಂತೂ ಕೊಳ್ಳುವುದಿಲ್ಲ. 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಅಗ್ಗದ, ನಿಧಾನದ ಸ್ಟೋರೇಜ್) ಇರುವ ಆಫರ್ ಮಾಲು ಬಿಟ್ಟಿಯಾಗಿ ಕೊಟ್ಟರೂ ಬೇಡ.

5. ಯಾವ ತಿಂಗಳು?

ಕೊಡಗಿನಲ್ಲಿ ಇದೂ ಮುಖ್ಯ. ಮೇ ಒಳಗೆ ತನ್ನಿ. ಜೂನ್ ಮಳೆ ಹಿಡಿದ ಮೇಲೆ ರಿಪೇರಿಗೆಂದು ಮಡಿಕೇರಿಯಿಂದ ಸುಮಾರು 120 ಕಿ.ಮೀ. ದೂರದ ಮೈಸೂರಿಗೆ ಅಲೆಯುವುದು ಯಾರಿಗೂ ಬೇಡ. ನಿಮ್ಮ ಪಿನ್‌ಕೋಡಿಗೆ ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಇದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ತಂದದ್ದನ್ನು ಮಳೆಗಾಲದಲ್ಲಿ ಬ್ಯಾಗಿಗೆ ಹಾಕಿ ಬೀರುವಿನಲ್ಲಿಟ್ಟರೆ ಬೂಷ್ಟು ಬರುತ್ತದೆ. ಹೊರಗಿಟ್ಟು ದಿನಾ ಒಂದು ಗಂಟೆಯಾದರೂ ಆನ್ ಮಾಡಿ. ಗುಡುಗು ಕೇಳಿಸಿದರೆ ಚಾರ್ಜರ್ ಜೊತೆ ರೂಟರ್‌ನ ವೈರನ್ನೂ ಕಿತ್ತಿಡಿ.