ತೆಂಗಿನಕಾಯಿ ಇಲ್ಲದ ಮಟನ್ ಸಾರು: ನನ್ನ ಸಲೋನಾ ಅನುಭವ

ಮಂಗಳೂರಿನಲ್ಲಿ ಮಟನ್ ಅಂದ ಕೂಡಲೇ ಕೈ ತೆಂಗಿನಕಾಯಿ ಕಡೆ ಹೋಗುತ್ತದೆ. ಹುರಿದ ಕಾಯಿ, ಬ್ಯಾಡಗಿ ಮೆಣಸು, ಒಂದಿಷ್ಟು ಹುಣಸೆಹುಳಿ. ಸಲೋನಾದಲ್ಲಿ ಈ ಮೂರೂ ಇಲ್ಲ. ಬಹರೈನ್, ಕುವೈತ್, ಎಮಿರೇಟ್ಸ್ ಕಡೆ ಮನೆಮನೆಯಲ್ಲಿ ಮಾಡುವ ಮಾಂಸ ಮತ್ತು ಟೊಮೆಟೊ ಸಾರು ಇದು. ಗಲ್ಫ್‌ನಲ್ಲಿ ದುಡಿದು ಬಂದವರು ನಮ್ಮ ಕರಾವಳಿಯ ಊರೂರಲ್ಲಿ ಇದ್ದಾರೆ. ಆದರೂ ಅಲ್ಲಿಂದ ಇಲ್ಲಿಗೆ ಬಂದು ಹೆಸರು ಮಾಡಿದ್ದು ಶವರ್ಮಾ, ಅಲ್ ಫಹಮ್, ಕಬ್ಸಾ. ಎಲ್ಲ ಹೋಟೆಲ್ ತಿಂಡಿ. ಸಲೋನಾ ಮನೆ ಅಡುಗೆ. ಬೇಕಾದರೆ ಮನೆಯಲ್ಲೇ ಮಾಡಿಕೊಳ್ಳಬೇಕು. ಬಹರೈನ್‌ನಲ್ಲಿದ್ದಾಗ ಪಕ್ಕದ ಮನೆಯವರಿಂದ ಕಲಿತ ನಾನು ಊರಿಗೆ ಬಂದ ಮೇಲೂ ಅದನ್ನು ಬಿಟ್ಟಿಲ್ಲ.

ಮೊದಲು ಮಾಂಸ. ನಮ್ಮಲ್ಲಿ ಮಟನ್ ಅಂದರೆ ಹೆಚ್ಚಾಗಿ ಆಡು. ಅಲ್ಲಿ ಕುರಿ. ವ್ಯತ್ಯಾಸ ಇರುವುದು ಕೊಬ್ಬಿನಲ್ಲಿ. ತೆಂಗಿನಕಾಯಿ ಇಲ್ಲದ ಸಾರಿಗೆ ಮೈ ಬರಬೇಕಾದರೆ ಕುರಿಯ ಕೊಬ್ಬು ಕರಗಿ ಟೊಮೆಟೊ ಜೊತೆ ಸೇರಬೇಕು. ಹಾಗಾಗಿ ನಾನು ಮಾಂಸದ ಅಂಗಡಿಯವರಿಗೆ ಮೊದಲೇ ಹೇಳಿಡುತ್ತೇನೆ, ಘಟ್ಟದ ಮೇಲಿನಿಂದ ಕುರಿ ಬಂದಾಗ ಫೋನ್ ಮಾಡಿ ಅಂತ. ಬನ್ನೂರು ತಳಿ ಸಿಕ್ಕರಂತೂ ಬಿಡುವುದಿಲ್ಲ. ಗಿಡ್ಡ ಕಾಲಿನ, ಮೈತುಂಬಿದ ಆ ಕುರಿಯ ಮಾಂಸಕ್ಕೆ ಸುಮ್ನೆ ಹೆಸರು ಬಂದದ್ದಲ್ಲ. ಕತ್ತು ಮತ್ತು ಮುಂಗಾಲಿನ ಭಾಗ ಕೇಳಿ, ಎಲುಬು ಸಮೇತ. ತೊಡೆಯ ಮೆತ್ತನೆ ತುಂಡು ಬೇಡ, ಅದು ಬೇಗ ಒಣಗುತ್ತದೆ. ಕತ್ತಿನಲ್ಲಿ ಜಾಸ್ತಿ ಇರುವ ನಾರು, ಸಣ್ಣ ಉರಿಯಲ್ಲಿ ನಿಧಾನಕ್ಕೆ ಕರಗಿ ಅಂಟಂಟಾಗಿ ಸಾರಿಗೆ ಇಳಿಯುತ್ತದೆ. ತುಂಡುಗಳು ದೊಡ್ಡವೇ ಇರಲಿ. ಬಿರಿಯಾನಿಗೆ ಕೊಚ್ಚುವ ಹಾಗೆ ಸಣ್ಣ ಮಾಡಿದರೆ ಎಲುಬಿನ ಚೂರು ಬಾಯಿಗೆ ಸಿಗುತ್ತದೆ. ಆಡೇ ಸಿಕ್ಕಿತು ಅಂತಾದರೆ ಸ್ವಲ್ಪ ಕೊಬ್ಬು ಬೇರೆಯಾಗಿ ಕೇಳಿ ತನ್ನಿ.

ಒಂದು ಕಿಲೋ ಮಾಂಸಕ್ಕೆ ನಾನು ಹಾಕುವುದು ಮುಕ್ಕಾಲು ಕಿಲೋ ಟೊಮೆಟೊ. ಕೋಲಾರದ ಕಡೆಯಿಂದ ಬರುವ ಗಟ್ಟಿ ಸಿಪ್ಪೆಯ ಉದ್ದ ಟೊಮೆಟೊ ಲಾರಿಯಲ್ಲಿ ಕೆಡುವುದಿಲ್ಲ, ಆದರೆ ಅದರಲ್ಲಿ ಹುಳಿ ಕಮ್ಮಿ. ಅರ್ಧ ಅದು, ಅರ್ಧ ಚೆನ್ನಾಗಿ ಹಣ್ಣಾದ ನಾಟಿ ಟೊಮೆಟೊ ತೆಗೆದುಕೊಳ್ಳಿ. ಮೂರು ದೊಡ್ಡ ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ, ಹೆಬ್ಬೆರಳುದ್ದ ಶುಂಠಿ, ಎರಡು ದೊಡ್ಡ ಚಮಚ ಟೊಮೆಟೊ ಪೇಸ್ಟ್.

ಮಸಾಲೆ ಪುಡಿಗೆ ಅಲ್ಲಿ ಬಹಾರಾತ್ ಅನ್ನುತ್ತಾರೆ. ಮನೆಮನೆಗೆ ಅದರ ಅಳತೆ ಬೇರೆ. ನನ್ನದು ಹೀಗೆ: ಕೊತ್ತಂಬರಿ ಎರಡು ಚಮಚ, ಜೀರಿಗೆ ಒಂದು, ಕಾಳುಮೆಣಸು ಒಂದು, ಎರಡಿಂಚು ದಾಲ್ಚಿನ್ನಿ, ಆರು ಲವಂಗ, ಎಂಟು ಏಲಕ್ಕಿ, ಚೂರು ಜಾಯಿಕಾಯಿ. ಬೆಚ್ಚಗೆ ಹುರಿದು ಪುಡಿ ಮಾಡಿ, ಕೊನೆಗೆ ಅರ್ಧ ಚಮಚ ಅರಿಸಿನ. ನಮ್ಮ ಮಸಾಲೆಯ ಸಾಮಾನೇ ಎಲ್ಲ, ಅಲ್ವಾ? ಆದರೆ ಒಣಮೆಣಸು ಮುಂದೆ ನಿಲ್ಲುವುದಿಲ್ಲ. ಖಾರ ಬರುವುದು ಕಾಳುಮೆಣಸಿನಿಂದ. ಬೇಕೇ ಬೇಕು ಅನ್ನುವವರು ಒಂದು ಹಸಿಮೆಣಸು ಇಡಿಯಾಗಿ ಹಾಕಬಹುದು.

ದಪ್ಪ ತಳದ ಪಾತ್ರೆ ಇಡಿ. ಎಣ್ಣೆ ಚೆನ್ನಾಗಿ ಕಾದ ಮೇಲೆ, ಒರೆಸಿ ನೀರು ತೆಗೆದ ಮಾಂಸವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಎಲ್ಲ ಬದಿ ಕಂದು ಮಾಡಿ ತೆಗೆದಿಡಿ. ಒಟ್ಟಿಗೆ ಸುರಿದರೆ ನೀರು ಬಿಡುತ್ತದೆ, ಕಂದಾಗುವುದಿಲ್ಲ. ಅದೇ ಎಣ್ಣೆಗೆ ಈರುಳ್ಳಿ. ತಳಕ್ಕೆ ಹಿಡಿದಿದ್ದೆಲ್ಲ ಈರುಳ್ಳಿಯ ನೀರಿಗೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಜಜ್ಜಿದ ಶುಂಠಿ ಬೆಳ್ಳುಳ್ಳಿ, ಎರಡು ಚಮಚ ಮಸಾಲೆ ಪುಡಿ, ಟೊಮೆಟೊ ಪೇಸ್ಟ್.

ಪೇಸ್ಟ್ ಹಾಕಿದ ಮೇಲೆ ಒಲೆ ಬಿಟ್ಟು ಹೋಗಬೇಡಿ. ಮೊದಲು ಕಣ್ಣು ಕುಕ್ಕುವ ಕೆಂಪು, ಮೂಗಿಗೆ ಹಸಿ ಹುಳಿ. ಎರಡು ಮೂರು ನಿಮಿಷ ಬಿಡದೆ ತಿರುವುತ್ತಿದ್ದರೆ ಬಣ್ಣ ಹಂಚಿನ ಕೆಂಪಿಗೆ ಇಳಿಯುತ್ತದೆ, ವಾಸನೆ ಸಿಹಿಯಾಗುತ್ತದೆ. ಆಗ ಹೆಚ್ಚಿದ ಟೊಮೆಟೊ ಮತ್ತು ಉಪ್ಪು ಹಾಕಿ. ಇಪ್ಪತ್ತು ನಿಮಿಷವೋ ಇಪ್ಪತ್ತೈದೋ, ಮುಚ್ಚಳ ಇಲ್ಲದೆ ಬೇಯಲಿ. ಟೊಮೆಟೊ ಪೂರ್ತಿ ಕರಗಿ, ಸೌಟಿನಿಂದ ಸರಿಸಿದರೆ ತಳ ಕಂಡು, ಅಂಚಿನಲ್ಲಿ ಎಣ್ಣೆ ಬಿಡಬೇಕು. ಸಲೋನಾದ ರುಚಿ ತೀರ್ಮಾನವಾಗುವುದು ಇಲ್ಲೇ. ಕಾಯಿ ಹಾಕುವ ನಾವು ಟೊಮೆಟೊ ಮೆತ್ತಗಾದರೆ ಸಾಕು ಅಂತ ಮುಂದೆ ಹೋಗುತ್ತೇವೆ, ಉಳಿದದ್ದನ್ನು ಕಾಯಿ ನೋಡಿಕೊಳ್ಳುತ್ತದೆ. ಇಲ್ಲಿ ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ.

ಮಾಂಸ ವಾಪಸ್ ಹಾಕಿ, ಮುಳುಗುವಷ್ಟು ಕುದಿಯುವ ನೀರು ಹಾಕಿ, ಮುಚ್ಚಿ ಸಣ್ಣ ಉರಿಯಲ್ಲಿ ಬಿಡಿ. ಎಳೆ ಕುರಿಗೆ ಒಂದೂವರೆ ಗಂಟೆ, ಆಡಾದರೆ ಎರಡು ಗಂಟೆ ದಾಟಬಹುದು. ಮೇಲ್ಮೈಯಲ್ಲಿ ಆಗೊಂದು ಈಗೊಂದು ಗುಳ್ಳೆ ಬಂದರೆ ಉರಿ ಸರಿ ಇದೆ. ಪುರುಸೊತ್ತಿಲ್ಲದ ದಿನ ಕುಕ್ಕರ್ ಆಗುತ್ತದೆ, ತಪ್ಪೇನಿಲ್ಲ. ಆದರೆ ಟೊಮೆಟೊ ಬಾಡಿಸುವುದನ್ನು ಕುಕ್ಕರಿನ ಮುಚ್ಚಳ ಹಾಕುವ ಮೊದಲೇ ಮುಗಿಸಿ. ವಿಶಲ್ ಎಷ್ಟು ಹಾಕಿದರೂ ಒಳಗಿನ ನೀರು ಬತ್ತುವುದಿಲ್ಲ.

ಇನ್ನು ಲೂಮಿ. ಉಪ್ಪುನೀರಿನಲ್ಲಿ ಕುದಿಸಿ, ಬಿಸಿಲಲ್ಲಿ ಒಣಗಿಸಿದ ಇಡೀ ನಿಂಬೆ. ಹುಳಿ, ಸ್ವಲ್ಪ ಕಹಿ, ಒಂಥರಾ ಹೊಗೆಯ ಪರಿಮಳ. ಗಲ್ಫ್‌ನಿಂದ ಬರುವವರ ಹತ್ತಿರ ತರಿಸಿಕೊಳ್ಳಬಹುದು. ನಾನು ಮಾತ್ರ ಟೆರೇಸಿನಲ್ಲಿ ಒಣಗಿಸುತ್ತೇನೆ. ನಮ್ಮ ಸಣ್ಣ, ತೆಳು ಸಿಪ್ಪೆಯ ನಿಂಬೆಯೇ ಇದಕ್ಕೆ ಸರಿ. ಫೆಬ್ರವರಿ ಬರುತ್ತಿದ್ದಂತೆ ಶುರು ಮಾಡಬೇಕು. ಕುದಿಯುವ ಉಪ್ಪುನೀರಿನಲ್ಲಿ ಐದು ನಿಮಿಷ. ಹಸಿರು ಮಾಸಿದ ಕೂಡಲೇ ತೆಗೆದು, ನೀರು ಒರೆಸಿ, ಬಟ್ಟೆಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ. ರಾತ್ರಿ ಒಳಗೆ ತನ್ನಿ, ಸಮುದ್ರದ ಗಾಳಿಯ ತೇವ ಕಮ್ಮಿಯಲ್ಲ. ನಾಲ್ಕೈದು ವಾರದಲ್ಲಿ ಕಂದಾಗಿ, ಕಲ್ಲಿನಂತೆ ಗಟ್ಟಿಯಾಗುತ್ತದೆ. ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ, ಕುಟ್ಟಿದರೆ ಟೊಳ್ಳು ಸದ್ದು. ಒಂದನ್ನು ಒಡೆದು ನೋಡಿ. ಒಳಗೆ ಕಪ್ಪಾಗಿದ್ದು ಒಣಗಿದ್ದರೆ ಆಯಿತು, ಜಿಗುಟಿದ್ದರೆ ಇನ್ನೂ ಬಿಸಿಲು ಬೇಕು. ಮಳೆ ಹಿಡಿಯುವ ಮೊದಲು ಗಾಳಿಯಾಡದ ಡಬ್ಬಿಗೆ ಹೋಗಲೇಬೇಕು. ಜೂನ್ ತಿಂಗಳಲ್ಲಿ ಹೊರಗಿಟ್ಟ ಯಾವುದಕ್ಕೂ ನಮ್ಮೂರಲ್ಲಿ ಬೂಸು ಬಿಡುವುದಿಲ್ಲ ಅಂತಿಲ್ಲ.

ಸಾರಿಗೆ ಎರಡು ಲೂಮಿ ಸಾಕು. ಚಾಕುವಿನ ತುದಿಯಿಂದ ಎರಡು ಕಡೆ ಚುಚ್ಚಿ, ಕೊನೆಯ ಮುಕ್ಕಾಲು ಗಂಟೆಗೆ ಹಾಕುತ್ತೇನೆ. ಮೊದಲಿನಿಂದಲೇ ಹಾಕುವವರೂ ಇದ್ದಾರೆ. ನನಗೆ ಅಷ್ಟು ಕಹಿ ಬೇಡ. ಬೀಜ ತೆಗೆದರೆ ಕಹಿ ಇನ್ನೂ ಕಮ್ಮಿ. ಲೂಮಿ ಇಲ್ಲ ಅಂತ ಪುನರ್ಪುಳಿ ಹಾಕಬೇಡಿ, ಅದು ಮೀನಿನ ಸಾರಿನ ದಾರಿ ಹಿಡಿಯುತ್ತದೆ. ಬದಲಿಗೆ ನಿಂಬೆ ಸಿಪ್ಪೆಯ ಎರಡು ತೆಳು ಪಟ್ಟಿ ಹಾಕಿ, ಒಲೆ ಆರಿಸಿದ ಮೇಲೆ ಸ್ವಲ್ಪ ರಸ ಹಿಂಡಿ.

ತರಕಾರಿ ಮಾಂಸ ಮುಕ್ಕಾಲು ಬೆಂದ ಮೇಲೆ. ಆಲೂಗಡ್ಡೆಯನ್ನು ಲೂಮಿಯ ಜೊತೆಗೇ ಹಾಕಿಬಿಡುತ್ತೇನೆ, ಯಾಕೆಂದರೆ ಹುಳಿಯಲ್ಲಿ ಅದು ಬೇಯುವುದು ನಿಧಾನ. ನೀರಿನಲ್ಲಿ ಹದಿನೈದು ನಿಮಿಷಕ್ಕೆ ಮೆತ್ತಗಾಗುವ ತುಂಡು ಇಲ್ಲಿ ಅರ್ಧ ಗಂಟೆಯಾದರೂ ಗಟ್ಟಿ ಇರುತ್ತದೆ. ಬದನೆ ಕೊನೆಯ ಇಪ್ಪತ್ತು ನಿಮಿಷಕ್ಕೆ. ಉಡುಪಿಯ ಮಟ್ಟು ಗುಳ್ಳ ಸಿಗುವ ದಿನಗಳಲ್ಲಿ ನಾನು ಬೇರೆ ಬದನೆ ಮುಟ್ಟುವುದೇ ಇಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ತೆಳು ಸಿಪ್ಪೆ, ಬೆಂದರೆ ಬೆಣ್ಣೆ. ಕೊಬ್ಬಿನ ಸಾರನ್ನು ಹೀರಿಕೊಂಡ ಆ ಗುಳ್ಳದ ಹೋಳಿಗೆ ನಮ್ಮ ಮನೆಯಲ್ಲಿ ಮಾಂಸಕ್ಕಿಂತ ಜಾಸ್ತಿ ಪೈಪೋಟಿ. ಬೆಂಡೆ ಹಾಕುವುದಾದರೆ ಬೇರೆ ಬಾಣಲೆಯಲ್ಲಿ ಹುರಿದು ಲೋಳೆ ಹೋದ ಮೇಲೆ.

ಒಲೆ ಆರಿಸಿ ಅರ್ಧ ಗಂಟೆ ಸುಮ್ನೆ ಬಿಡಿ. ಲೂಮಿಯನ್ನು ಸೌಟಿನಿಂದ ಒತ್ತಿ ರಸ ಇಳಿಸಿ, ಸಿಪ್ಪೆ ತೆಗೆದುಬಿಡಿ.

ಅಲ್ಲಿ ಇದನ್ನು ಬಿಳಿ ಅನ್ನದ ಜೊತೆ ಉಣ್ಣುತ್ತಾರೆ. ನಮ್ಮಲ್ಲಿ ಬೆಳ್ತಿಗೆ ಅನ್ನ ಒಳ್ಳೆಯದು. ಕುಚ್ಚಲಕ್ಕಿಯ ಸ್ವಂತ ರುಚಿ ಜೋರು, ಲೂಮಿ ಅದರ ಮುಂದೆ ಅಡಗಿಬಿಡುತ್ತದೆ. ರಂಜಾನಿನಲ್ಲಿ ಅಲ್ಲಿ ಇದೇ ಸಾರಿಗೆ ರಗಾಗ್ ಅನ್ನುವ ಕಾಗದದಷ್ಟು ತೆಳುವಾದ ರೊಟ್ಟಿಯನ್ನು ಮುರಿದು ನೆನೆಸಿ ಥರೀದ್ ಮಾಡುತ್ತಾರೆ. ಅದನ್ನು ಮೊದಲ ಸಲ ತಿಂದಾಗಲೇ ನನಗೆ ಕೋರಿ ರೊಟ್ಟಿ ನೆನಪಾಗಿತ್ತು. ಈಗ ಊರಿನಲ್ಲಿ ಅಕ್ಕಿಯ ಅದೇ ಗರಿಗರಿ ರೊಟ್ಟಿಯನ್ನು ತಟ್ಟೆಯಲ್ಲಿ ಮುರಿದು, ಮೇಲೆ ಸಲೋನಾ ಸುರಿಯುತ್ತೇನೆ. ಇದಕ್ಕೆ ಸಾರು ಸ್ವಲ್ಪ ನೀರಾಗಿರಲಿ, ಒಂದು ಲೋಟ ಬಿಸಿನೀರು ಸೇರಿಸಿ ಒಂದು ಕುದಿ ಬರಿಸಿ. ರೊಟ್ಟಿ ಅರ್ಧ ನೆನೆದು ಅರ್ಧ ಗರಿ ಇರುವಾಗಲೇ ತಿನ್ನಬೇಕು, ಹಾಗಾಗಿ ಎಲ್ಲರೂ ಕೂತ ಮೇಲೆಯೇ ಸಾರು ಹಾಕಿ.