ಚಂಡಮಾರುತದ ಬೆನ್ನಿಗೆ ಬರುವ ‘ಲೂಟಿ’ ಸುದ್ದಿಯನ್ನು ಓದುವುದು ಹೇಗೆ?

ಅಮೆರಿಕದ ಮೆಕ್ಸಿಕೊ ಕೊಲ್ಲಿಯ ದಂಡೆಗೆ ದೊಡ್ಡ ಚಂಡಮಾರುತ ಅಪ್ಪಳಿಸಿದ ಎರಡು ಮೂರು ದಿನಗಳಲ್ಲಿ, ಅಂಗಡಿಗಳ ಬಾಗಿಲು ಮುರಿದು ಜನ ಲೂಟಿಗಿಳಿದಿದ್ದಾರೆ ಎಂಬ ಸುದ್ದಿ ಬರುವುದುಂಟು. ಓದಿದವರಿಗೆ ಸಿಟ್ಟು ಬರುತ್ತದೆ; ಕೆಲವರಿಗೆ ಕಳ್ಳರ ಮೇಲೆ, ಕೆಲವರಿಗೆ ಸರ್ಕಾರದ ಮೇಲೆ. ಆ ಸಿಟ್ಟನ್ನು ಯಾರ ಮೇಲಾದರೂ ಇಳಿಸುವ ಮುನ್ನ ಸುದ್ದಿಯನ್ನು ತೂಗಿ ನೋಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಳೆಲ್ಲ ಬಹುಪಾಲು 2005ರ ಕತ್ರೀನಾ ಚಂಡಮಾರುತದವು. ನ್ಯೂ ಆರ್ಲಿಯನ್ಸ್ ನಗರದಲ್ಲಿ ಆಗ ನಡೆದದ್ದನ್ನೂ, ನಡೆಯದೆಯೇ ನಡೆದಿದೆ ಎಂದು ಹೇಳಿದ್ದನ್ನೂ ಪತ್ರಕರ್ತರು, ಸಂಶೋಧಕರು ಮತ್ತು ನ್ಯಾಯಾಲಯಗಳು ಮುಂದೆ ವರ್ಷಗಟ್ಟಲೆ ಜಾಲಾಡಿರುವುದರಿಂದ, ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ.

ಮೊದಲು ಕಾಗದದ ಮೇಲೆ ಎರಡು ದಿನಾಂಕಗಳನ್ನು ಬರೆದುಕೊಳ್ಳಿ: ಅಂಗಡಿ ಒಡೆದ ದಿನ ಮತ್ತು ಆ ಜಾಗಕ್ಕೆ ಸರ್ಕಾರದ ಅನ್ನ ನೀರು ತಲುಪಿದ ದಿನ. ನ್ಯೂ ಆರ್ಲಿಯನ್ಸ್‌ನ ಮೇಯರ್ ರೇ ನೇಗಿನ್ ಕಡ್ಡಾಯವಾಗಿ ನಗರ ತೊರೆಯುವಂತೆ ಆದೇಶಿಸಿದ್ದು ಆಗಸ್ಟ್ 28ರ ಭಾನುವಾರ. ಚಂಡಮಾರುತ ನೆಲ ಮುಟ್ಟಿದ್ದು ಮರುದಿನ ಬೆಳಿಗ್ಗೆ. ಕಾರಿಲ್ಲದವರು, ಕೈಯಲ್ಲಿ ಕಾಸಿಲ್ಲದವರು, ಹಾಸಿಗೆ ಹಿಡಿದವರು ಊರಲ್ಲೇ ಉಳಿದರು. ನಮ್ಮ ಕಡೆ ಕೆರೆಯ ಏರಿ ಒಡೆದರೆ ಆಗುವಂತೆ ಅಲ್ಲಿನ ಪ್ರವಾಹ ತಡೆಗೋಡೆಗಳು ಹಲವೆಡೆ ಒಡೆದು, ನಗರದ ಶೇ 80ರಷ್ಟು ಭಾಗ ನೀರಿನಡಿ ಹೋಯಿತು. ಅಂಗಡಿಗಳಿಗೆ ಜನ ನುಗ್ಗಿದ ಚಿತ್ರಗಳು 30ರ ಹೊತ್ತಿಗೆ ಹರಡಿದ್ದವು. ಆದರೆ ಸಾವಿರಾರು ಜನ ಸೇರಿದ್ದ ಕನ್ವೆನ್ಷನ್ ಸೆಂಟರ್‌ಗೆ ಆಹಾರ ಹೊತ್ತ ಸೈನಿಕರ ಲಾರಿಗಳು ಬಂದದ್ದು ಸೆಪ್ಟೆಂಬರ್ 2ರ ಶುಕ್ರವಾರ. ಅಲ್ಲಿ ಜನರಿದ್ದಾರೆ ಎಂಬುದು ತಮಗೆ ತಿಳಿದದ್ದೇ ಗುರುವಾರ ಎಂದು ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಮುಖ್ಯಸ್ಥ ಮೈಕೆಲ್ ಬ್ರೌನ್ ಟಿ.ವಿ. ಸಂದರ್ಶನದಲ್ಲಿ ಹೇಳಿದರು. ಇಷ್ಟು ಬರೆದುಕೊಂಡ ಮೇಲೆ ಬ್ರೆಡ್ಡು ಎತ್ತಿಕೊಂಡವನ ಚಿತ್ರ ಬೇರೆಯಾಗಿ ಕಾಣತೊಡಗುತ್ತದೆ.

ಎರಡನೆಯದಾಗಿ, ತೆಗೆದುಕೊಂಡು ಹೋದದ್ದೇನು ಎಂಬುದನ್ನು ವಿಂಗಡಿಸಿ. ಕುಡಿಯುವ ನೀರು, ಮಗುವಿನ ಡೈಪರ್, ಔಷಧಿ ಒಂದು ರಾಶಿ; ಬೂಟು, ಟಿ.ವಿ., ಆಭರಣ ಇನ್ನೊಂದು, ಬಂದೂಕು ಮೂರನೆಯದು. ನ್ಯೂ ಆರ್ಲಿಯನ್ಸ್‌ನಲ್ಲಿ ಮೂರೂ ನಡೆದವು. ಕರೆಂಟೇ ಇಲ್ಲದ ಊರಿನಲ್ಲಿ ಟಿ.ವಿ. ಹೊತ್ತವನನ್ನು ಹಸಿವಿನ ಹೆಸರಿನಲ್ಲಿ ಸಮರ್ಥಿಸಬೇಕಾಗಿಲ್ಲ. ಆದರೆ ‘ಲೂಟಿ’ ಎಂಬ ಒಂದೇ ಪದ ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ, ಶಿಕ್ಷೆಯೂ ಅದೇ ಚೀಲದಿಂದ ಹೊರಬರುತ್ತದೆ. ನ್ಯೂ ಆರ್ಲಿಯನ್ಸ್ ಇರುವ ಲೂಸಿಯಾನಾ ರಾಜ್ಯದ ಕಾನೂನಿನಲ್ಲಿ ತುರ್ತುಪರಿಸ್ಥಿತಿಯ ವೇಳೆಯ ಲೂಟಿಗೆ ಕನಿಷ್ಠ 3, ಗರಿಷ್ಠ 15 ವರ್ಷ ಸೆರೆವಾಸವಿತ್ತು. ಪಕ್ಕದ ಕೆನ್ನರ್ ಪಟ್ಟಣದಲ್ಲಿ ಮದ್ಯ ಮತ್ತು ಬಿಯರ್ ಹೊತ್ತೊಯ್ಯುವಾಗ ಸಿಕ್ಕಿಬಿದ್ದ ಮೂವರಿಗೆ 2006ರಲ್ಲಿ ತಲಾ 15 ವರ್ಷವೇ ಆಯಿತು.

ಚಿತ್ರವಿದ್ದರೆ, ಚಿತ್ರವನ್ನೂ ಅದರ ಕೆಳಗಿನ ಬರಹವನ್ನೂ ಬೇರೆ ಬೇರೆಯಾಗಿ ಓದಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇಂಥ ಹೊತ್ತಿಗೇ ಇರುವುದು. ಆಗಸ್ಟ್ 30ರಂದು ಯಾಹೂ ಸುದ್ದಿತಾಣದಲ್ಲಿ ಎರಡು ಚಿತ್ರಗಳು ಬಂದವು. ಎದೆಮಟ್ಟದ ನೀರಿನಲ್ಲಿ ಸಾಮಾನು ಎಳೆದುಕೊಂಡು ಹೋಗುತ್ತಿದ್ದ ಕಪ್ಪು ಯುವಕನೊಬ್ಬ ದಿನಸಿ ಅಂಗಡಿಯನ್ನು ‘ಲೂಟಿ ಮಾಡಿ’ ಹೊರಟಿದ್ದಾನೆ ಎಂದು ಅಸೋಸಿಯೇಟೆಡ್ ಪ್ರೆಸ್ (ಎಪಿ) ಸುದ್ದಿಸಂಸ್ಥೆಯ ಚಿತ್ರದ ಕೆಳಗಿತ್ತು. ಬಿಳಿಯರಿಬ್ಬರು ದಿನಸಿ ಅಂಗಡಿಯ ಬ್ರೆಡ್ಡು ಮತ್ತು ಸೋಡಾ ‘ಸಿಕ್ಕಿದ ಮೇಲೆ’ ಹೊರಟಿದ್ದಾರೆ ಎಂದು ಫ್ರಾನ್ಸಿನ ಸುದ್ದಿಸಂಸ್ಥೆ ಎಎಫ್‌ಪಿ ಒದಗಿಸಿದ್ದ ಚಿತ್ರದ ಕೆಳಗಿತ್ತು. ಇದನ್ನು ಜನ ಜನಾಂಗಭೇದವೆಂದು ಖಂಡಿಸಿದರು. ಯುವಕ ಅಂಗಡಿಯೊಳಗೆ ಹೋದದ್ದನ್ನು ತಮ್ಮ ಛಾಯಾಗ್ರಾಹಕ ಕಣ್ಣಾರೆ ಕಂಡಿದ್ದ ಎಂದು ಎಪಿ ಹೇಳಿದರೆ, ಸಾಮಾನು ಅಂಗಡಿಯಿಂದ ಹೊರಗೆ ತೇಲಿಬರುತ್ತಿತ್ತು ಎಂದು ಇನ್ನೊಬ್ಬ ಛಾಯಾಗ್ರಾಹಕ ಹೇಳಿದರು. ಇಬ್ಬರೂ ಬೇರೆ ಬೇರೆ ಸಂಸ್ಥೆಯವರಾದ್ದರಿಂದ ಯಾರೋ ಒಬ್ಬರು ಕೂತು ಭೇದವೆಣಿಸಿ ಬರೆದರು ಎನ್ನಲಾಗದು. ಹಾಗೆಂದು ಆಕ್ಷೇಪ ಹುಸಿಯೂ ಅಲ್ಲ ಎಂಬುದು ನನ್ನ ಎಣಿಕೆ: ಒಂದೇ ನೀರಿನಲ್ಲಿ, ಒಂದೇ ಬಗೆಯ ಗಂಟು ಹೊತ್ತವರಿಗೆ ಎರಡು ಕ್ರಿಯಾಪದಗಳು ಸಿಕ್ಕಿದ್ದವು, ಮತ್ತು ಓದುಗರ ಕಣ್ಣಿಗೆ ಬಿದ್ದದ್ದು ಆ ಕ್ರಿಯಾಪದಗಳೇ.

ಇನ್ನು ಮುಖ್ಯವಾದ ಮಾತು, ಕಂಡವರು ಯಾರು ಎಂಬುದು. ಇದಕ್ಕೆ ಕನ್ನಡದಲ್ಲಿ ಒಂದು ಅನುಕೂಲವಿದೆ. ನಾವು ಕಂಡದ್ದನ್ನು ‘ಆಯಿತು’ ಎನ್ನುತ್ತೇವೆ, ಕೇಳಿದ್ದನ್ನು ‘ಆಯಿತಂತೆ’ ಎನ್ನುತ್ತೇವೆ. ವಿಪತ್ತಿನ ಸುದ್ದಿಯಲ್ಲಿ ಸಾಕ್ಷಿಯ ಗುರುತಿಲ್ಲದ ಪ್ರತಿಯೊಂದು ವಾಕ್ಯದ ಕೊನೆಗೂ ಒಂದು ‘ಅಂತೆ’ ಸೇರಿಸಿ ಓದಿಕೊಳ್ಳಿ. ಹೇಳಿದವರು ದೊಡ್ಡ ಅಧಿಕಾರಿಯಾಗಿದ್ದರೂ ಸೇರಿಸಿ. ಮೇಯರ್ ನೇಗಿನ್ ಮತ್ತು ಪೊಲೀಸ್ ಮುಖ್ಯಸ್ಥ ಎಡ್ಡಿ ಕಾಂಪಸ್ ಓಪ್ರಾ ವಿನ್‌ಫ್ರೇ ಅವರ ಟಿ.ವಿ. ಕಾರ್ಯಕ್ರಮದಲ್ಲಿ, ಜನ ಆಶ್ರಯ ಪಡೆದಿದ್ದ ಸೂಪರ್‌ಡೋಮ್ ಕ್ರೀಡಾಂಗಣದೊಳಗೆ ಕೊಲೆ, ಅತ್ಯಾಚಾರಗಳು ನಡೆದಿವೆ ಎಂದಿದ್ದರು. ನೂರಾರು ಹೆಣಗಳಿರಬಹುದೆಂದು ಶೈತ್ಯಲಾರಿಯನ್ನೇ ತರಿಸಲಾಗಿತ್ತು. ಸಿಕ್ಕಿದ್ದು ಆರು: ನಾಲ್ವರದು ಸಹಜ ಸಾವು, ಒಬ್ಬರದು ಮಾದಕವಸ್ತುವಿನ ಅತಿಸೇವನೆ, ಒಬ್ಬರದು ಆತ್ಮಹತ್ಯೆ ಎನ್ನಲಾಯಿತು. ಸ್ಥಳೀಯ ಪತ್ರಿಕೆ ‘ಟೈಮ್ಸ್-ಪಿಕಯೂನ್’ ಇದನ್ನು ಪರಿಶೀಲಿಸಿ ಪ್ರಕಟಿಸಿದ್ದು ಸೆಪ್ಟೆಂಬರ್ 26ರಂದು. ಮರುದಿನ ಕಾಂಪಸ್ ಹುದ್ದೆ ತೊರೆದರು. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಇಲ್ಲಿ ಹಾಗೆಂದವರ ಕೈಯಲ್ಲಿ ಪೊಲೀಸ್ ಪಡೆಯೇ ಇತ್ತು.

ಆದ್ದರಿಂದ ಸುದ್ದಿಯಲ್ಲಿ ಮುಂದೆ ಹುಡುಕಬೇಕಾದದ್ದು, ಲೂಟಿಯ ಭಯದಿಂದ ಯಾವ ಕೆಲಸ ನಿಂತಿತು ಎಂಬುದನ್ನು. ಆಗಸ್ಟ್ 31ರಂದು, ಜನ ಇನ್ನೂ ಛಾವಣಿಗಳ ಮೇಲಿದ್ದಾಗಲೇ, ಸುಮಾರು 1,500 ಪೊಲೀಸರಿಗೆ ರಕ್ಷಣಾ ಕಾರ್ಯ ಬಿಟ್ಟು ಲೂಟಿ ತಡೆಯುವಂತೆ ಮೇಯರ್ ಆದೇಶಿಸಿದರು. ಬಂದಿರುವ ಸೈನಿಕರಿಗೆ ಗುಂಡಿಟ್ಟು ಕೊಲ್ಲಲು ಬರುತ್ತದೆ, ಅಗತ್ಯ ಬಿದ್ದರೆ ಕೊಲ್ಲುತ್ತಾರೆ ಎಂದು ರಾಜ್ಯಪಾಲೆ ಕ್ಯಾಥ್ಲೀನ್ ಬ್ಲಾಂಕೊ ಎಚ್ಚರಿಸಿದರು. (ಅಮೆರಿಕದಲ್ಲಿ ರಾಜ್ಯಪಾಲರೆಂದರೆ ಚುನಾಯಿತರು, ನಮ್ಮ ಮುಖ್ಯಮಂತ್ರಿಯ ಹಾಗೆ.) ನಗರದಿಂದ ಸೇತುವೆ ದಾಟಿ ನಡೆದು ಹೊರಟವರನ್ನು ಆಚೆ ದಡದ ಗ್ರೆಟ್ನಾ ಪಟ್ಟಣದ ಪೊಲೀಸರು ತಡೆದು ಹಿಂದಕ್ಕಟ್ಟಿದರು. ಸೆಪ್ಟೆಂಬರ್ 4ರಂದು ಡ್ಯಾನ್‌ಜಿಗರ್ ಸೇತುವೆಯ ಮೇಲೆ ಪೊಲೀಸರು ನಿರಾಯುಧ ಜನರ ಮೇಲೆ ಗುಂಡು ಹಾರಿಸಿ ಇಬ್ಬರನ್ನು ಕೊಂದು, ನಾಲ್ವರನ್ನು ಗಾಯಗೊಳಿಸಿ, ಅನಂತರ ಅದನ್ನು ಮುಚ್ಚಿಹಾಕಲು ಕಥೆ ಕಟ್ಟಿದರು. ಆ ಮೊಕದ್ದಮೆ ಸುತ್ತಿ ಸುತ್ತಿ, ಐವರು ಮಾಜಿ ಪೊಲೀಸರು ತಪ್ಪೊಪ್ಪಿಕೊಳ್ಳುವಾಗ 2016 ಬಂದಿತ್ತು. ಸೇನೆಯ ಪರವಾಗಿ ಬಂದ ಲೆಫ್ಟಿನೆಂಟ್ ಜನರಲ್ ರಸೆಲ್ ಹೊನೊರೆ ಬೀದಿಯಲ್ಲಿ ನಿಂತು ಸೈನಿಕರಿಗೆ ಬಂದೂಕು ಕೆಳಗಿಳಿಸಿ ಎಂದು ಗದರಿಸಿದ್ದು ಲೂಟಿಯ ಈ ಭಯದ ಹಿನ್ನೆಲೆಯಲ್ಲಿ.

ವಿಪತ್ತುಗಳನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎನ್ರಿಕೊ ಕ್ವಾರಂಟೆಲಿ, ಪ್ರಕೃತಿ ವಿಕೋಪದ ನಂತರ ದೊಡ್ಡ ಪ್ರಮಾಣದ ಲೂಟಿ ಅಪರೂಪವೆಂದು ದಶಕಗಳ ಕಾಲ ಹೇಳುತ್ತ ಬಂದವರು. 1989ರ ಹ್ಯೂಗೊ ಚಂಡಮಾರುತದ ನಂತರ ಸೇಂಟ್ ಕ್ರೋಯ್ ದ್ವೀಪದಲ್ಲಿ ನಿಜಕ್ಕೂ ವ್ಯಾಪಕ ಲೂಟಿ ನಡೆದಾಗ, ಅದನ್ನು ಅಪವಾದವೆಂದು ಒಪ್ಪಿ ಕಾರಣ ಹುಡುಕಿದವರೂ ಅವರೇ.

ಸರ್ಕಾರವನ್ನು ಬಯ್ಯುವಾಗಲೂ ಇಲಾಖೆಗಳನ್ನು ಬಿಡಿಸಿ ನೋಡಿ. ಫೆಮಾ ಎಡವಿತು, ಬ್ರೌನ್ ಅವರನ್ನು ಅಧ್ಯಕ್ಷ ಬುಷ್ ಸೆಪ್ಟೆಂಬರ್ 2ರಂದು ಬಹಿರಂಗವಾಗಿ ಹೊಗಳಿದರು, 12ರಂದು ಬ್ರೌನ್ ರಾಜೀನಾಮೆ ಕೊಟ್ಟರು. ಅದೇ ಕೇಂದ್ರ ಸರ್ಕಾರದ ಕೋಸ್ಟ್ ಗಾರ್ಡ್ ಮಾತ್ರ 33,000ಕ್ಕೂ ಹೆಚ್ಚು ಜನರನ್ನು ಕಾಪಾಡಿತು. ಸ್ವಂತ ದೋಣಿ ತಂದು ಇಳಿದ ಸಾಮಾನ್ಯರೂ ಬಹಳಷ್ಟು ಮಂದಿ.

ಹ್ಯೂಸ್ಟನ್ನಿನಲ್ಲೋ ಫ್ಲಾರಿಡಾದಲ್ಲೋ ಬಂಧುಗಳಿರುವ ಓದುಗರು, ಮೊಬೈಲಿಗೆ ಬಂದ ಲೂಟಿಯ ವಿಡಿಯೊವನ್ನು ಅವರಿಗೆ ಕಳಿಸುವ ಬದಲು ಅವರ ಬೀದಿಯಲ್ಲಿ ಏನಿದೆ ಎಂದು ಕೇಳುವುದು ಮೇಲು. 2012ರ ಸ್ಯಾಂಡಿ ಚಂಡಮಾರುತದಲ್ಲಿ ಕದ್ದ ಮಾಲೆಂದು ಹರಿದಾಡಿದ ಚಿತ್ರಗಳಲ್ಲಿ ಕೆಲವು ಹಳೆಯವಾಗಿದ್ದವು. 2024ರ ಹೆಲೀನ್ ನಂತರ ಫೆಮಾ ಬಗೆಗಿನ ಗಾಳಿಸುದ್ದಿಗಳು ಎಷ್ಟು ಬಲಿತವೆಂದರೆ, ಸಿಬ್ಬಂದಿಗೆ ಬೆದರಿಕೆ ಬಂದು ನಾರ್ತ್ ಕ್ಯಾರೊಲೈನಾದಲ್ಲಿ ಅವರ ಕೆಲಸದ ರೀತಿಯನ್ನೇ ಕೆಲಕಾಲ ಬದಲಿಸಬೇಕಾಯಿತು.

ಕೊನೆಯದಾಗಿ, ಸುದ್ದಿಯನ್ನು ಎತ್ತಿಟ್ಟುಕೊಂಡು ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ಹುಡುಕಿ ಓದಿ. ಸೂಪರ್‌ಡೋಮ್‌ನ ಕಥೆ ತಿದ್ದುಪಡಿಯಾಗಲು ಹಿಡಿದ ಸಮಯ ಸುಮಾರು ಅಷ್ಟೇ. ಕೆಲವಕ್ಕೆ ಅದೂ ಸಾಲದು: ಕತ್ರೀನಾದಲ್ಲಿ ಸತ್ತವರು 1,800ಕ್ಕೂ ಹೆಚ್ಚು ಎಂದು ಎಲ್ಲ ಕಡೆ ಬರೆಯುತ್ತಿದ್ದ ಲೆಕ್ಕವನ್ನು ಅಮೆರಿಕದ ರಾಷ್ಟ್ರೀಯ ಚಂಡಮಾರುತ ಕೇಂದ್ರ 1,392 ಎಂದು ತಿದ್ದಿದ್ದು 2023ರಲ್ಲಿ.